ಕಸೂತಿಗಾರ್ತಿಯಲ್ಲಿ ಹೊಲಿಗೆ ಕಲಿತ ಶಸ್ತ್ರವೈದ್ಯ ಅಲೆಕ್ಸಿ ಕಾರೆಲ್

ಮರ ಕೊಯ್ಯುವ ಗರಗಸಕ್ಕೋ ಕಬ್ಬಿನ ಗಾಣಕ್ಕೋ ಸಿಕ್ಕಿ ಕೈಯ ಹೆಬ್ಬೆರಳನ್ನು ಕಳೆದುಕೊಂಡವನಿಗೆ ಅವನ ಕಾಲಿನ ಬೆರಳೊಂದನ್ನೇ ತೆಗೆದು ಕೈಗೆ ಜೋಡಿಸಿ, ಅದರಲ್ಲಿ ರಕ್ತವು ಹರಿಯುವಂತೆಯೂ ಮುಟ್ಟಿದ್ದು ತಿಳಿಯುವಂತೆಯೂ ಮಾಡುವ ಶಸ್ತ್ರಕ್ರಿಯೆಯೊಂದುಂಟು. ಮೊದಲ ಸಾರಿ ಕೇಳುವವರಿಗೆ ಇದು ಕಟ್ಟುಕಥೆಯೆಂದು ತೋರೀತು. ಆದರೆ ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದು ನಡೆಯುತ್ತಿದೆ. ಹೆಬ್ಬೆರಳು ಹೋದ ಕೈಯ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಉಳಿದ ನಾಲ್ಕು ಬೆರಳುಗಳು ಕೊಕ್ಕೆಯಂತೆ ಬಾಗಬಲ್ಲವೇ ಹೊರತು, ಎದುರು ನಿಂತು ಒತ್ತುವ ಬೆರಳಿಲ್ಲದೆ ಯಾವುದನ್ನೂ ಬಿಗಿಯಾಗಿ ಹಿಡಿಯಲಾರವು. ಲೇಖನಿಯಾಗಲಿ ಬೀಗದ ಕೈಯಾಗಲಿ ಅನ್ನದ ತುತ್ತಾಗಲಿ ಅಂಥ ಕೈಯಲ್ಲಿ ನಿಲ್ಲದು. ಕೈಯ ಒಟ್ಟು ಕೆಲಸದಲ್ಲಿ ನೂರಕ್ಕೆ ಸುಮಾರು ೪೦ ಪಾಲು ಹೆಬ್ಬೆರಳೊಂದರದೇ ಎಂದು ವೈದ್ಯರು ಲೆಕ್ಕ ಹಾಕಿರುವರು.

ಕಾಲ್ಬೆರಳನ್ನು ಕೈಗೆ ತರಬೇಕೆಂಬ ಯೋಚನೆ ಹೊಸದಲ್ಲ. ಆಸ್ಟ್ರಿಯಾ ದೇಶದ ಗ್ರಾಟ್ಸ್ ಪಟ್ಟಣದಲ್ಲಿ ಕಾರ್ಲ್ ನಿಕೊಲಡೋನಿ ಎಂಬ ಶಸ್ತ್ರವೈದ್ಯನು ೧೮೯೮ರಲ್ಲಿಯೇ ಒಬ್ಬ ಬಾಲಕನ ಕಾಲಿನ ಎರಡನೆಯ ಬೆರಳಿನಿಂದ ಹೆಬ್ಬೆರಳನ್ನು ಮಾಡಿಕೊಟ್ಟನು. ಆದರೆ ಆತನ ರೀತಿ ಎಂಥದು? ಬೆರಳನ್ನು ಕಾಲಿನಿಂದ ಪೂರ್ತಿಯಾಗಿ ಬೇರ್ಪಡಿಸದೆ ಕೈಗೆ ಹೊಲಿದು, ಕೈಯನ್ನೂ ಪಾದವನ್ನೂ ಒಂದಕ್ಕೊಂದು ಕಟ್ಟಿ, ಕೈಯ ರಕ್ತವು ತಾನಾಗಿ ಬೆರಳಿನೊಳಗೆ ದಾರಿ ಮಾಡಿಕೊಳ್ಳುವ ತನಕ ಹುಡುಗನನ್ನು ವಾರಗಟ್ಟಲೆ ಹಾಗೆಯೇ ಮಲಗಿಸಬೇಕಾಯಿತು. ಎಲುಬಿಗೆ ಎಲುಬನ್ನು ಕೂಡಿಸಬಹುದಾಗಿತ್ತು, ಚರ್ಮಕ್ಕೆ ಚರ್ಮವನ್ನು ಹೊಲಿಯಬಹುದಾಗಿತ್ತು. ರಕ್ತನಾಳಕ್ಕೆ ರಕ್ತನಾಳವನ್ನು ಹೊಲಿಯುವ ಭರವಸೆಯ ವಿದ್ಯೆ ಮಾತ್ರ ಆಗ ಯಾರಲ್ಲಿಯೂ ಇರಲಿಲ್ಲ. ಆ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ಅಲೆಕ್ಸಿ ಕಾರೆಲನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯಲು ನಮಗೆ ಎರಡು ಕಾರಣಗಳುಂಟು. ಹೆಣ್ಣುಮಕ್ಕಳಿಗೆ ಹೊಲಿಗೆಯ ಪಾಠವೇತಕ್ಕೆ, ಆ ಹೊತ್ತನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಡಬಾರದೇ ಎಂದು ಕೇಳುವ ತಂದೆತಾಯಿಗಳು ಪ್ರತಿ ವರ್ಷವೂ ಬರುತ್ತಾರೆಂಬುದು ಒಂದು. ಇನ್ನೊಂದು ಕಾರಣವು ಅಷ್ಟು ಹಿತವಾದುದಲ್ಲ. ಅದು ಮುಂದೆ ತಾನಾಗಿ ತಿಳಿಯುವುದು.

ಕಾರೆಲನು ೧೮೭೩ನೆಯ ಇಸವಿ ಜೂನ್ ೨೮ರಂದು ಫ್ರಾನ್ಸ್ ದೇಶದ ಲಿಯಾನ್ ನಗರದ ಬಳಿಯಲ್ಲಿ ಹುಟ್ಟಿದನು. ಲಿಯಾನ್ ರೇಷ್ಮೆಯ ಊರು. ನಮ್ಮಲ್ಲಿ ಮೊಳಕಾಲ್ಮೂರು, ಇಳಕಲ್ಲುಗಳೆಂದರೆ ಸೀರೆ ನೆನಪಾಗುವಂತೆ ಯುರೋಪಿನವರಿಗೆ ಲಿಯಾನ್ ಎಂದರೆ ರೇಷ್ಮೆಯ ಬಟ್ಟೆ ನೆನಪಾಗುತ್ತಿದ್ದಿತು. ತಂದೆಯೂ ಬಟ್ಟೆಯ ಉದ್ಯಮದವನೇ. ಮಗನು ಐದು ವರ್ಷದವನಾಗಿದ್ದಾಗ ಆತನು ತೀರಿಕೊಳ್ಳಲಾಗಿ, ತಾಯಿಯು ಮೂವರು ಮಕ್ಕಳನ್ನು ಒಬ್ಬಳೇ ಬೆಳೆಯಿಸಿದಳು. ಹಿರಿಯ ಮಗನು ತಂದೆಯ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡು, ಜೆಸ್ವಿತ್ ಪಾದ್ರಿಗಳ ಶಾಲೆಯಲ್ಲಿ ಓದಿ, ಲಿಯಾನಿನಲ್ಲಿಯೇ ವೈದ್ಯವಿದ್ಯೆಗೆ ಸೇರಿದನು.

೧೮೯೪ನೆಯ ಜೂನ್ ೨೪ರಂದು ಫ್ರಾನ್ಸಿನ ಅಧ್ಯಕ್ಷನಾದ ಸಾದಿ ಕಾರ್ನೋ ಎಂಬಾತನು ಲಿಯಾನಿಗೆ ಬಂದಿದ್ದಾಗ ಒಬ್ಬ ಅರಾಜಕನು ಆತನ ಹೊಟ್ಟೆಗೆ ಚೂರಿಯಿಂದ ಇರಿದನು. ಯಕೃತ್ತಿಗೆ ರಕ್ತವನ್ನು ಒಯ್ಯುವ ದೊಡ್ಡ ಅಭಿಧಮನಿಯು ಕತ್ತರಿಸಿ ಹೋಗಿದ್ದಿತು. ಊರಿನ ಹೆಸರಾಂತ ಶಸ್ತ್ರವೈದ್ಯರೆಲ್ಲ ಸುತ್ತ ನಿಂತಿದ್ದರೂ ರಕ್ತವು ಹರಿದುಹೋಗುವುದನ್ನು ನೋಡುವುದಲ್ಲದೆ ಮತ್ತೇನನ್ನೂ ಮಾಡಲಾರದೆ ಹೋದರು. ಕೆಲವು ಗಂಟೆಗಳಲ್ಲಿ ಅಧ್ಯಕ್ಷನು ಸತ್ತನು. ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿಯಾಗಿದ್ದ ಕಾರೆಲನಿಗೆ ಇದು ಬಹಳವಾಗಿ ನಾಟಿತು. ಹರಿದ ಬಟ್ಟೆಯನ್ನು ಹೊಲಿಯುವವರುಳ್ಳ ಊರಿನಲ್ಲಿ ಹರಿದ ನಾಳವನ್ನು ಹೊಲಿಯುವವರು ಏಕಿಲ್ಲವೆಂದು ಆತನು ಎಲ್ಲರೆದುರಿಗೆ ವಾದಿಸಿದನಂತೆ. ಹಿರಿಯರಿಗೆ ಇದು ಉದ್ಧಟತನವೆಂದು ತೋರಿದ್ದು ಆಶ್ಚರ್ಯವಲ್ಲ. ನ್ಯಾಯವಾಗಿ ಹೇಳಬೇಕಾದರೆ ಆ ಊರಿನ ವೈದ್ಯಗುರುಗಳಲ್ಲೊಬ್ಬನಾದ ಜಬೂಲೇ ಎಂಬಾತನು ಅದೇ ಕಾಲದಲ್ಲಿ ನಾಳಗಳನ್ನು ಹೊಲಿಯಲು ಯತ್ನಿಸುತ್ತಿದ್ದನು. ಇತರ ದೇಶಗಳಲ್ಲಿಯೂ ಕೆಲವರು ಯತ್ನಿಸಿದ್ದರು. ಆದರೆ ಅವರ ಹೊಲಿಗೆ ಹೆಚ್ಚಾಗಿ ನಿಲ್ಲುತ್ತಿರಲಿಲ್ಲ.

ನಿಲ್ಲದಿದ್ದುದಕ್ಕೆ ಕಾರಣವನ್ನು ತಿಳಿಯಬೇಕು. ರಕ್ತನಾಳದ ಒಳಮೈ ಕನ್ನಡಿಯಂತೆ ನುಣುಪಾಗಿರುವುದು. ಅಲ್ಲಿ ಒಂದು ಗೀರು, ಒಂದು ಎಳೆ, ಒರಟಾದ ಒಂದು ಅಂಚು ಇದ್ದರೂ ಸಾಕು, ರಕ್ತವು ಅದನ್ನು ಹಿಡಿದುಕೊಂಡು ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚುವುದು. ವೈದ್ಯರ ಸೂಜಿ ದಪ್ಪ, ದಾರ ದಪ್ಪ, ಕೈಯೂ ದಪ್ಪ. ಬೇಕಾದುದು ಬೇರೆ ಜಾತಿಯ ಕೈ. ಅಂಥ ಕೈಗಳು ಲಿಯಾನಿನಲ್ಲಿ ನೂರಾರು ಇದ್ದುವು. ಆದರೆ ಅವು ಆಸ್ಪತ್ರೆಯಲ್ಲಿರದೆ ಕಸೂತಿಯ ಚೌಕಟ್ಟಿನ ಮುಂದೆ ಇದ್ದುವು.

ಕಾರೆಲನು ಮದಾಮ್ ಲರೂದಿಯೇ ಎಂಬ ಕಸೂತಿಗಾರ್ತಿಯ ಬಳಿಗೆ ಹೋಗಿ ಪಾಠ ಹೇಳಿಸಿಕೊಂಡನು. ಆಕೆಯು ತನ್ನ ಕಲೆಯಲ್ಲಿ ಆ ಊರಿಗೇ ಪ್ರಸಿದ್ಧಳು. ವೈದ್ಯಶಾಸ್ತ್ರದ ಪಂಡಿತನಾಗಬೇಕಾದ ಯುವಕನು ಕೈಕೆಲಸದ ಹೆಂಗಸಿನ ಮುಂದೆ ಶಿಷ್ಯನಾಗಿ ಕುಳಿತನು. ಅತಿ ಸಣ್ಣ ಸೂಜಿಗಳನ್ನೂ ಅತಿ ಸಣ್ಣ ರೇಷ್ಮೆಯ ಎಳೆಗಳನ್ನೂ ಅಂಗಡಿಗಳಲ್ಲಿ ಹುಡುಕಿ ತಂದನು. ಕಾಗದದ ಮೇಲೆ ಹೊಲಿದು ಹೊಲಿದು, ಎಳೆಯು ಹರಿಯದಂತೆಯೂ ಕಾಗದವು ಸೀಳದಂತೆಯೂ ಕೈಯನ್ನು ಪಳಗಿಸಿಕೊಂಡನು. ಧಾರವಾಡದ ಕಡೆಯ ನಮ್ಮ ಕಸೂತಿಯನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುವುದು. ಗಂಟು ಹಾಕದೆ, ಎರಡು ಮಗ್ಗುಲೂ ಒಂದೇ ಸಮನಾಗಿ ಕಾಣುವಂತೆ ಹೊಲಿಯುವುದಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೇಳಿಕೊಡಬೇಕಾಗಿಲ್ಲ. ಈ ಶಸ್ತ್ರವೈದ್ಯನಿಗೂ ನಾಳದ ಒಳಮಗ್ಗುಲಿನಲ್ಲಿ ಎಳೆಯು ಎದ್ದು ಕಾಣದಂತಿರುವುದೇ ಮುಖ್ಯವಾಗಿದ್ದಿತು.

ಕೈ ಪಳಗಿದ ಬಳಿಕ ಆತನು ಒಂದು ಉಪಾಯವನ್ನು ಕಂಡುಕೊಂಡು ೧೯೦೨ರಲ್ಲಿ ಪ್ರಕಟಿಸಿದನು. ರವಿಕೆಯ ಎರಡು ತೋಳುಗಳನ್ನು ಬಾಯಿಗೆ ಬಾಯಿ ಸೇರಿಸಿ ಸುತ್ತಲೂ ಹೊಲಿಯಬೇಕೆಂದು ಎಣಿಸಿಕೊಳ್ಳಿರಿ. ತೋಳು ಹುಲ್ಲುಕಡ್ಡಿಯಷ್ಟು ಸಣ್ಣದಾದರೆ ಸೂಜಿಯು ಮುಂದಿನ ಪದರದೊಡನೆ ಹಿಂದಿನ ಪದರವನ್ನೂ ಚುಚ್ಚಿ ಬಾಯಿಯನ್ನೇ ಮುಚ್ಚಿಬಿಡುವುದು. ಕಾರೆಲನು ಮೊದಲು ಸುತ್ತಿನ ಮೂರು ಕಡೆಗಳಲ್ಲಿ ಸಮದೂರಕ್ಕೆ ಒಂದೊಂದು ಹೊಲಿಗೆ ಹಾಕಿ, ಆ ಮೂರು ಎಳೆಗಳನ್ನು ಮೂರು ದಿಕ್ಕಿಗೆ ಮೆಲ್ಲನೆ ಎಳೆದನು. ದುಂಡಗಿದ್ದ ಬಾಯಿ ತ್ರಿಕೋನವಾಯಿತು. ಅಂಚು ನೇರವಾಗಿ, ಹಿಂದಿನ ಪದರವು ಸೂಜಿಯಿಂದ ದೂರ ಸರಿಯಿತು. ನೇರವಾದ ಅಂಚನ್ನು ಹೊಲಿಯುವುದು ಎಷ್ಟು ಮಾತ್ರದ ಕೆಲಸ! ಸೂಜಿಗೂ ದಾರಕ್ಕೂ ವ್ಯಾಸಲೀನನ್ನು ಸವರಿ ರಕ್ತವು ಅಂಟದಂತೆ ಮಾಡಿದನು. ಕ್ರಿಮಿಗಳು ಸೋಂಕದಂತೆ ಅತಿಯಾದ ಶುಚಿಯನ್ನು ಪಾಲಿಸಿದನು. ಇಷ್ಟೇ ಆತನ ರಹಸ್ಯ. ತಿಳಿದ ಮೇಲೆ ಸುಲಭವೆಂದು ತೋರುವ ಉಪಾಯಗಳ ಸಾಲಿಗೆ ಇದೂ ಸೇರಿದ್ದು.

ಅದೇ ವರ್ಷ ಆತನು ರೋಗಿಗಳ ಯಾತ್ರೆಯೊಂದರ ಸಂಗಡ ವೈದ್ಯನಾಗಿ ಲೂರ್ದ್ ಕ್ಷೇತ್ರಕ್ಕೆ ಹೋಗಿ, ಸಾಯುವ ಸ್ಥಿತಿಯಲ್ಲಿದ್ದ ಕ್ಷಯರೋಗಿಯಾದ ಒಬ್ಬ ಯುವತಿಯು ತನ್ನ ಕಣ್ಣೆದುರಿಗೇ ಚೇತರಿಸಿಕೊಂಡುದನ್ನು ಕಂಡನು. ನಮ್ಮ ಮಿಷನ್ನಿನವರು ಲೂರ್ದಿನ ಯಾತ್ರೆಯನ್ನು ಆಚರಿಸುವವರಲ್ಲ. ಆದರೂ ಕಂಡುದನ್ನು ಕಂಡಂತೆ ಹೇಳಿದ ಆತನ ಧೈರ್ಯವನ್ನು ಮೆಚ್ಚಲೇಬೇಕು. ಅದನ್ನು ಪವಾಡವೆಂದು ಸಾರಲಿಲ್ಲವೆಂದು ಭಕ್ತರಿಗೆ ಸಿಟ್ಟು. ಸುಳ್ಳೆಂದು ತಳ್ಳಿಹಾಕಲಿಲ್ಲವೆಂದು ವೈದ್ಯರಿಗೆ ಸಿಟ್ಟು. ಲಿಯಾನಿನಲ್ಲಿ ಬಯಸಿದ ಹುದ್ದೆ ಸಿಕ್ಕದೆ ಹೋಗಲಾಗಿ, ೧೯೦೪ರಲ್ಲಿ ಆತನು ದೇಶವನ್ನೇ ಬಿಟ್ಟು ಕೆನಡಾಕ್ಕೆ ಹೋದನು. ದನಕಾಯುವ ಹೊಲವೊಂದನ್ನು ಇಟ್ಟುಕೊಂಡು ಬದುಕುವ ಆಲೋಚನೆಯೂ ಇದ್ದಿತಂತೆ. ಅಲ್ಲಿಂದ ಚಿಕಾಗೋ ನಗರಕ್ಕೆ ಬಂದು ಚಾರ್ಲ್ಸ್ ಗಥ್ರೀ ಎಂಬ ವಿದ್ವಾಂಸನೊಡನೆ ಸೇರಿ, ನಾಯಿಗಳ ಮೂತ್ರಪಿಂಡಗಳನ್ನೂ ಕಾಲುಗಳನ್ನೂ ಬೇರ್ಪಡಿಸಿ ಪುನಃ ಹೊಲಿದು ಪರೀಕ್ಷೆಗಳನ್ನು ಮಾಡಿದನು. ಗಥ್ರೀಯ ಪಾಲು ದೊಡ್ಡದು. ಮುಂದೆ ಕೀರ್ತಿಯನ್ನು ಹಂಚುವಾಗ ಲೋಕವು ಆತನನ್ನು ಮರೆತಿತು. ೧೯೦೬ರಲ್ಲಿ ಕಾರೆಲನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಸೇರಿದನು.

ಅಲ್ಲಿದ್ದಾಗ ೧೯೦೮ರಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಆ ನಗರದ ಶಸ್ತ್ರವೈದ್ಯನೊಬ್ಬನಿಗೆ ಹೆಣ್ಣುಮಗುವೊಂದು ಹುಟ್ಟಿ, ಕೆಲವೇ ದಿನಗಳಲ್ಲಿ ಮೈಯೊಳಗೆ ರಕ್ತಸ್ರಾವವಾಗುತ್ತ ಸಾಯುವಂತಾಯಿತು. ರಕ್ತವನ್ನು ಹೆಪ್ಪುಗಟ್ಟದಂತೆ ಸೀಸೆಯಲ್ಲಿ ತುಂಬಿಡುವ ವಿದ್ಯೆ ಆಗ ಇರಲಿಲ್ಲ. ಕಾರೆಲನನ್ನು ರಾತ್ರಿಯಲ್ಲಿ ಎಬ್ಬಿಸಿ ಕರೆತಂದರು. ಆತನು ತಂದೆಯ ತೋಳಿನ ಧಮನಿಯನ್ನು ಮಗುವಿನ ಕಾಲಿನ ಅಭಿಧಮನಿಗೆ ನೆಟ್ಟಗೆ ಹೊಲಿದುಬಿಟ್ಟನು. ದಿನಗಳ ಕೂಸಿನ ನಾಳವು ಎಷ್ಟು ಸಣ್ಣದು, ಎಷ್ಟು ಮೆತ್ತಗಿನದು ಎಂಬುದನ್ನು ತಾಯಂದಿರು ಊಹಿಸಿಕೊಳ್ಳಲಿ. ತಂದೆಯ ರಕ್ತವು ಹರಿಯುತ್ತಿದ್ದ ಹಾಗೆ ಬಿಳಿಚಿಕೊಂಡಿದ್ದ ಮಗುವಿನ ಮೈ ಕೆಂಪಾಯಿತು, ಮಗು ಬದುಕಿತು.

ನಾಯಿಗಳ ಮೇಲಿನ ಪರೀಕ್ಷೆಗಳಿಂದ ಆತನಿಗೆ ಇನ್ನೊಂದು ಸತ್ಯವೂ ತಿಳಿದುಬಂದಿತು. ಒಂದು ಪ್ರಾಣಿಯ ಅಂಗವನ್ನು ತೆಗೆದು ಅದೇ ಪ್ರಾಣಿಗೆ ಮರಳಿ ಹೊಲಿದರೆ ಅದು ಬಹುಕಾಲ ಕೆಲಸ ಮಾಡುವುದು. ಬೇರೆ ಪ್ರಾಣಿಗೆ ಹೊಲಿದರೆ ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಕೆಲವು ದಿನಗಳಲ್ಲಿ ಅಂಗವು ಕೆಟ್ಟುಹೋಗುವುದು. ತನ್ನದನ್ನು ದೇಹವು ಅಂಗೀಕರಿಸುತ್ತದೆ, ಪರರದನ್ನು ನಿರಾಕರಿಸುತ್ತದೆ. ಬೆರಳು ಕಳೆದುಕೊಂಡವನಿಗೆ ಪರರ ಬೆರಳನ್ನು ತಾರದೆ ಅವನ ಕಾಲ್ಬೆರಳನ್ನೇ ತರುವುದಕ್ಕೆ ಇದೇ ಕಾರಣ. ನಾಳಗಳ ಹೊಲಿಗೆಗಾಗಿಯೂ ಅಂಗಗಳನ್ನು ಬದಲಾಯಿಸಿ ಕೂಡಿಸಿದ್ದಕ್ಕಾಗಿಯೂ ೧೯೧೨ರಲ್ಲಿ ಕಾರೆಲನಿಗೆ ನೊಬೆಲ್ ಬಹುಮಾನವು ಬಂದಿತು. ಆಗ ಆತನಿಗೆ ಮೂವತ್ತೊಂಬತ್ತು ವರ್ಷ. ಮುಂದಿನ ವರ್ಷ ಆತನಿಗೆ ವಿವಾಹವಾಯಿತು.

೧೯೧೪ರ ಮಹಾಯುದ್ಧದಲ್ಲಿ ಆತನು ಫ್ರೆಂಚ್ ಸೈನ್ಯದ ವೈದ್ಯನಾಗಿ ಕಾಂಪಿಯೇನ್ ಎಂಬಲ್ಲಿ ಆಸ್ಪತ್ರೆಯನ್ನು ನಡೆಯಿಸಿದನು. ಕೀವು ತುಂಬಿದ ಗಾಯಗಳಿಂದಾಗಿ ಸಿಪಾಯಿಗಳ ಕೈಕಾಲುಗಳನ್ನು ಕತ್ತರಿಸಬೇಕಾಗುತ್ತಿದ್ದ ಕಾಲವದು. ಡೇಕಿನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞನು, ಬಟ್ಟೆ ಬಿಳುಪು ಮಾಡುವ ದ್ರವದ ಜಾತಿಯದನ್ನೇ ಬಹಳ ತೆಳುವಾಗಿಸಿ ಮೈಗೆ ಸುಡದಂತೆ ಹದಗೊಳಿಸಿದನು. ಕಾರೆಲನು ಅದನ್ನು ರಬ್ಬರ್ ನಳಿಗೆಗಳ ಮೂಲಕ ಗಾಯದ ಆಳಕ್ಕೆ ಗೊತ್ತಾದ ಹೊತ್ತಿಗೆ ಬಿಡುವ ಕ್ರಮವನ್ನು ಏರ್ಪಡಿಸಿದನು. ಆತನ ಪತ್ನಿಯೂ ಅಲ್ಲಿ ದಾದಿಯ ಸೇವೆ ಮಾಡಿದಳು. ಕತ್ತರಿಸಬೇಕಾಗಿದ್ದ ಎಷ್ಟೋ ಕೈಗಳೂ ಕಾಲುಗಳೂ ಉಳಿದುವು.

ಯುದ್ಧಾನಂತರದ ವರ್ಷಗಳನ್ನು ಬೇಗನೆ ಹೇಳಿ ಮುಗಿಸಬಹುದು. ನ್ಯೂಯಾರ್ಕಿನಲ್ಲಿ ಆತನ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಎಲ್ಲರೂ ಕಣ್ಣು ಕೋರೈಸದಂತೆ ಕಪ್ಪು ನಿಲುವಂಗಿಗಳನ್ನು ತೊಡುತ್ತಿದ್ದರು. ಕೋಳಿಯ ಹೃದಯದ ಚೂರೊಂದನ್ನು ೧೯೧೨ರಿಂದ ಗಾಜಿನ ಪಾತ್ರೆಯಲ್ಲಿ ಬದುಕಿಸಿಟ್ಟು, ಜೀವಕೋಶಗಳಿಗೆ ಸಾವಿಲ್ಲವೆಂಬ ಮಾತನ್ನು ಆತನು ಹಬ್ಬಿಸಿದನು. ೧೯೬೧ರಲ್ಲಿ ಹೇಫ್ಲಿಕ್ ಎಂಬ ವಿಜ್ಞಾನಿಯು ಇದು ಸರಿಯಲ್ಲವೆಂದು ತೋರಿಸಿದನು. ವಿಮಾನವೀರನಾದ ಲಿಂಡ್‌ಬರ್ಗನೊಡನೆ ಸೇರಿ, ದೇಹದಿಂದ ತೆಗೆದ ಅಂಗಗಳನ್ನು ಬದುಕಿಸಿಡುವ ಯಂತ್ರವೊಂದನ್ನು ೧೯೩೫ರಲ್ಲಿ ಪ್ರಕಟಪಡಿಸಿದನು.

ಅದೇ ೧೯೩೫ರಲ್ಲಿ ಆತನು ಮನುಷ್ಯನನ್ನು ಕುರಿತ ಪುಸ್ತಕವೊಂದನ್ನು ಹೊರಡಿಸಿದನು. ಅದು ಹಲವು ಭಾಷೆಗಳಿಗೆ ಪರಿವರ್ತನೆಯಾಗಿ ಲಕ್ಷಗಟ್ಟಲೆ ಜನರು ಅದನ್ನು ಓದಿದರು. ಮನುಷ್ಯರಲ್ಲಿ ಶ್ರೇಷ್ಠವಾದ ತಳಿಯನ್ನು ಬೆಳೆಯಿಸಬೇಕು, ದುರ್ಬಲರಿಗಾಗಿ ಸಮಾಜವು ಇಷ್ಟೊಂದು ವೆಚ್ಚ ಮಾಡಬಾರದು, ಕೆಲವು ಬಗೆಯ ಅಪರಾಧಿಗಳನ್ನೂ ಅಪರಾಧಗೈದ ಹುಚ್ಚರನ್ನೂ ವಿಷವಾಯುವಿನಿಂದ ನೋವಿಲ್ಲದಂತೆ ಕೊಂದುಬಿಡಬಹುದು ಎಂಬುದಾಗಿ ಆತನು ಅದರಲ್ಲಿ ಬರೆದನು. ಮರುವರ್ಷದ ಜರ್ಮನ್ ಆವೃತ್ತಿಯ ಮುನ್ನುಡಿಯಲ್ಲಿ, ಹೀನಸಂತತಿಯು ಬೆಳೆಯದಂತೆ ಆ ದೇಶದ ಸರಕಾರವು ಕೈಗೊಂಡ ಕ್ರಮಗಳನ್ನು ಹೊಗಳಿದನು. ಆ ಸರಕಾರವು ೧೯೪೦–೪೧ರಲ್ಲಿ ಮನೋರೋಗಿಗಳನ್ನೂ ಅಂಗವಿಕಲರನ್ನೂ ೭೦,೦೦೦ಕ್ಕಿಂತ ಹೆಚ್ಚು ಮಂದಿಯನ್ನು ವಿಷವಾಯುವಿನಿಂದ ಕೊಲ್ಲಿಸಿತು. ಕಾರೆಲನ ಪುಸ್ತಕದಿಂದಲೇ ಇದಾಯಿತೆಂದು ಹೇಳಲಾಗದು. ಅಂಥ ಮಾತನ್ನಾಡುವವರು ಆಗ ಅನೇಕ ದೇಶಗಳಲ್ಲಿ ಇದ್ದರು. ಆದರೆ ಆತನು ಅದನ್ನಾಡಿದನು, ಬಹುಮಾನ ಪಡೆದವನ ಗೌರವದ ಪೀಠದಿಂದ ಆಡಿದನು.

ಈ ಭಾಗವನ್ನು ಬಿಟ್ಟು ಬರೆಯಬಹುದಾಗಿತ್ತು. ಶಾಲೆಯ ಸಂಚಿಕೆಗಳಲ್ಲಿ ಮಹಾಪುರುಷರ ಚರಿತ್ರೆಗಳನ್ನು ಹಾಗೆ ತೊಳೆದು ಒಗೆದು ಇಸ್ತ್ರಿ ಮಾಡಿ ಕೊಡುವುದು ವಾಡಿಕೆ. ನಾವು ಹಾಗೆ ಮಾಡಲಾರೆವು. ನಮ್ಮ ನಾಡಿನಲ್ಲಿ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳು ಕೆಲವು ೧೮೭೬–೭೮ರ ಮಹಾಕ್ಷಾಮದಲ್ಲಿ ದಿಕ್ಕಿಲ್ಲದೆ ಹೋದ ಬಾಲಕಿಯರನ್ನು ಸೇರಿಸಿಕೊಂಡು ಹುಟ್ಟಿದುವು. ಆ ಎಲುಬುಗೂಡಿನಂಥ ಮಕ್ಕಳನ್ನು ತಕ್ಕಡಿಯಲ್ಲಿಟ್ಟು, ಇವರಲ್ಲಿ ಶ್ರೇಷ್ಠರಾರು ಎಂದು ಯಾರೂ ತೂಗಲಿಲ್ಲ. ತೂಗಿದ್ದರೆ ಅವರ ಮೊಮ್ಮಕ್ಕಳೂ ಮರಿಮಕ್ಕಳೂ ಇಂದು ದಾದಿಯರೂ ಉಪಾಧ್ಯಾಯಿನಿಯರೂ ಆಗಿರುತ್ತಿರಲಿಲ್ಲ. ಕಸೂತಿಗಾರ್ತಿಯ ಮುಂದೆ ಕೈಕಟ್ಟಿ ಕುಳಿತು ಕಲಿತಾಗ ಆತನಲ್ಲಿದ್ದ ವಿನಯವು, ಯಾರು ಬದುಕಬೇಕು ಯಾರು ಬದುಕಬಾರದು ಎಂದು ಬರೆಯಲು ಕುಳಿತಾಗ ಎಲ್ಲಿ ಹೋಯಿತು? ರಾತ್ರಿಯ ನಿದ್ದೆ ಬಿಟ್ಟು ಎದ್ದು ಬಂದು ಆತನು ಉಳಿಸಿದ ಆ ಕೂಸಿನಷ್ಟು ದುರ್ಬಲವಾದುದು ಇನ್ನಾವುದಿದ್ದಿತು?

೧೯೩೯ರಲ್ಲಿ ಆತನು ರಾಕ್‌ಫೆಲರ್ ಸಂಸ್ಥೆಯಿಂದ ನಿವೃತ್ತನಾದನು. ಜರ್ಮನರ ಕೈಗೆ ಸಿಕ್ಕ ಫ್ರಾನ್ಸಿಗೆ ಮರಳಿ ಹೋಗಿ, ವಿಶಿಯಲ್ಲಿದ್ದ ಸರಕಾರದ ಆಶ್ರಯದಲ್ಲಿ ೧೯೪೧ರಲ್ಲಿ ಮಾನವ ಸಮಸ್ಯೆಗಳ ಅಧ್ಯಯನಕ್ಕಾಗಿ ಒಂದು ಸಂಸ್ಥೆಯನ್ನು ತೆರೆದನು. ೧೯೪೪ರ ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆಯಾದಾಗ ಶತ್ರುಗಳೊಡನೆ ಕೂಡಿದವನೆಂಬ ಆಪಾದನೆಯು ಬಂದು ಆತನನ್ನು ಹುದ್ದೆಯಿಂದ ತೆಗೆದುಹಾಕಿದರು. ವಿಚಾರಣೆ ನಡೆಯುವುದಕ್ಕೆ ಮುಂಚೆಯೇ, ಅದೇ ವರ್ಷದ ನವಂಬರ್ ೫ರಂದು, ಹೃದ್ರೋಗದಿಂದ ಆತನು ತೀರಿಕೊಂಡನು. ಬ್ರಿತಾನಿಯ ಕಡಲತೀರದಲ್ಲಿ ಆತನು ವಾಸಿಸುತ್ತಿದ್ದ ಸೇಂಟ್ ಜಿಲ್ದಾ ಎಂಬ ಚಿಕ್ಕ ದ್ವೀಪದಲ್ಲಿ ಸಮಾಧಿಯಾಯಿತು. ಲಿಯಾನಿನ ವೈದ್ಯವಿದ್ಯಾಲಯವೊಂದಕ್ಕೆ ಆತನ ಹೆಸರನ್ನಿಟ್ಟಿದ್ದರು. ೧೯೯೬ರಲ್ಲಿ ಅದನ್ನು ತೆಗೆದು ಬೇರೆ ಹೆಸರಿಟ್ಟರು. ಹಾಗೆ ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ.

ಹೊಲಿಗೆಯನ್ನು ಮಾತ್ರ ಯಾರೂ ತೆಗೆಯಲಿಲ್ಲ. ಕಾರೆಲನು ಬರಿಗಣ್ಣಿನಿಂದ ಹೊಲಿದವನು. ಬೆರಳಿನ ನಾಳಗಳಾದರೋ ಸುಮಾರು ೧ ಮಿಲಿಮೀಟರಿನವು. ಅವಕ್ಕೆ ಬರಿಗಣ್ಣು ಸಾಲದು. ೧೯೬೦ರಲ್ಲಿ ಅಮೆರಿಕದ ಜೇಕಬ್ಸನ್, ಸ್ವಾರೆಜ್ ಎಂಬಿಬ್ಬರು ಸೂಕ್ಷ್ಮದರ್ಶಕದ ಕೆಳಗೆ ಅಂಥ ನಾಳಗಳನ್ನು ಹೊಲಿದು ತೋರಿಸಿದರು. ಕ್ಯಾಲಿಫೋರ್ನಿಯಾದ ಹ್ಯಾರಿ ಬಂಕೆ ಎಂಬ ವೈದ್ಯನು ತನ್ನ ಮನೆಯ ಮೋಟಾರು ಕೊಟ್ಟಿಗೆಯಲ್ಲಿಯೇ, ವೈದ್ಯೆಯಾದ ಪತ್ನಿಯ ನೆರವಿನಿಂದ, ಮೊಲದ ಕಿವಿಗಳನ್ನು ಬೇರ್ಪಡಿಸಿ ಜೋಡಿಸುವ ಪರೀಕ್ಷೆಗಳನ್ನು ನಡೆಸಿದನು. ಅನೇಕ ಸಾರಿ ಸೋತು ಕಡೆಗೆ ಗೆದ್ದನು. ಕಣ್ಣುಳ್ಳ ಸೂಜಿಯು ಈ ಕೆಲಸಕ್ಕೆ ದಪ್ಪವಾಗುವುದೆಂದು ನೂಲಿನ ತುದಿಗೇ ಲೋಹವನ್ನು ಲೇಪಿಸಿ ಅದನ್ನೇ ಸೂಜಿಯಾಗಿ ಮಾಡಿಕೊಂಡನು. ೧೯೬೬ರಲ್ಲಿ ಕೋತಿಯ ಕಾಲ್ಬೆರಳನ್ನು ಕೈಗೆ ಜೋಡಿಸಿದ ವರದಿಯನ್ನು ಪ್ರಕಟಿಸಿದನು. ಅದೇ ವರ್ಷ ಚೀನಾದ ಶಾಂಘೈ ನಗರದಲ್ಲಿ ಯಾಂಗ್ ಡೋಂಗ್‌ಯುವೆ ಎಂಬ ವೈದ್ಯನು ಮನುಷ್ಯನ ಕಾಲಿನ ಎರಡನೆಯ ಬೆರಳನ್ನು ಕೈಗೆ ತಂದನು. ೧೯೬೮ರಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಎಂಬಲ್ಲಿ ಜಾನ್ ಕಾಬೆಟ್ ಎಂಬಾತನು ಕಾಲಿನ ಹೆಬ್ಬೆರಳಿನಿಂದಲೇ ಕೈಯ ಹೆಬ್ಬೆರಳನ್ನು ಮಾಡಿದನು. ನಿಕೊಲಡೋನಿಯ ಹುಡುಗನಂತೆ ಕೈಕಾಲು ಕಟ್ಟಿಸಿಕೊಂಡು ವಾರಗಟ್ಟಲೆ ಮಲಗುವ ಕಷ್ಟವು ಇವರ ರೋಗಿಗಳಿಗೆ ಬರಲಿಲ್ಲ.

ಈಗ ಈ ಶಸ್ತ್ರಕ್ರಿಯೆಯು ಹಲವು ಗಂಟೆಗಳ ಕಾಲ ನಡೆಯುವುದು. ಮೊದಲು ಎಲುಬನ್ನು ತಂತಿಯಿಂದಲೋ ಸಣ್ಣ ಪಟ್ಟಿಯಿಂದಲೋ ನಿಲ್ಲಿಸುವರು. ಬಳಿಕ ಬೆರಳನ್ನು ಮಡಿಸುವ ಮತ್ತು ನೀಡುವ ಸ್ನಾಯುರಜ್ಜುಗಳನ್ನು ಕೂಡಿಸುವರು, ನರಗಳನ್ನು ಹೊಲಿಯುವರು, ತಲೆಗೂದಲಿಗಿಂತ ಸಣ್ಣದಾದ ನೈಲಾನ್ ಎಳೆಯಿಂದ ಧಮನಿಯನ್ನೂ ಅಭಿಧಮನಿಗಳನ್ನೂ ಸೇರಿಸುವರು. ಧಮನಿಯ ಚಿಮಟವನ್ನು ಬಿಚ್ಚಿದೊಡನೆ ಕೊಠಡಿಯಲ್ಲಿರುವವರೆಲ್ಲರೂ ಆ ಬೆರಳನ್ನೇ ನೋಡುವರು. ಬಿಳಿಚಿದ್ದ ಬೆರಳು ಕೆಂಪಾದರೆ ಹೊಲಿಗೆ ನಿಂತಿತು. ಎರಡನೆಯ ಬೆರಳಿಲ್ಲದ ಪಾದವು ನಡೆಯುವುದಕ್ಕೆ ಹೆಚ್ಚು ತೊಂದರೆ ಕೊಡದು. ನರಗಳು ದಿನಕ್ಕೆ ಸುಮಾರು ೧ ಮಿಲಿಮೀಟರಿನಂತೆ ಬೆಳೆಯುವುದರಿಂದ ಸ್ಪರ್ಶಜ್ಞಾನವು ತಿಂಗಳುಗಟ್ಟಲೆ ಕಾಯಿಸಿ ಬರುವುದು. ಆಗ ರೋಗಿಯನ್ನು ಕಣ್ಣು ಮುಚ್ಚಿ ಕೂರಿಸಿ, ಮೇಜಿನ ಮೇಲೆ ನಾಣ್ಯ, ಗುಂಡಿ, ಬೀಗದ ಕೈಗಳನ್ನು ಹರಡಿ, ಹೊಸ ಬೆರಳಿನಿಂದ ಮುಟ್ಟಿ ಮುಟ್ಟಿ ಯಾವುದು ಯಾವುದೆಂದು ಹೇಳುವ ಅಭ್ಯಾಸವನ್ನು ಮಾಡಿಸುವರು.